ದ್ರಾಕ್ಷಿ ಒಣಗಿಸೋ ಊರಲ್ಲಿ ಮುಖಕ್ಕೆ ಏನು ಹಚ್ಚಬೇಕು?

ಮಾರ್ಚ್ ತಿಂಗಳಲ್ಲಿ ವಿಜಯಪುರದಿಂದ ತಿಕೋಟಾ ಕಡೆ ಹೋಗಿ ನೋಡಿ. ಹೊಲಗಳ ನಡುವೆ ಉದ್ದುದ್ದ ಶೆಡ್‌ಗಳು ಕಾಣುತ್ತವೆ. ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ, ಬಲೆ ತುಂಬ ದ್ರಾಕ್ಷಿ. ಒಣದ್ರಾಕ್ಷಿ ಆಗುವುದು ಅಲ್ಲೇ, ನೆರಳಿನಲ್ಲಿ, ಗಾಳಿಗೆ. ನಮ್ಮ ಸೋದರಮಾವನ ಶೆಡ್‌ನಲ್ಲಿ ಒಮ್ಮೆ ಅರ್ಧ ದಿನ ಕೂತಿದ್ದೆ. ಕೊಯ್ದು ತಂದ ದ್ರಾಕ್ಷಿಯನ್ನು ಸೀದಾ ಬಲೆಗೆ ಹಾಕುವುದಿಲ್ಲ. ಮೊದಲು ಒಂದು ದೊಡ್ಡ ಟಬ್ಬಿನಲ್ಲಿ ಅದ್ದುತ್ತಾರೆ. ಪೊಟ್ಯಾಶಿಯಂ ಕಾರ್ಬೊನೇಟ್ ಕರಗಿಸಿದ ನೀರು, ಅದಕ್ಕೆ ಒಂದಿಷ್ಟು ಡಿಪ್ಪಿಂಗ್ ಆಯಿಲ್.

"ಇದ್ಯಾಕ ಮಾವಾ?" ಅಂದೆ.

"ಅದ್ದಲಿಲ್ಲಂದ್ರ ಲಗೂನ ಒಣಗಂಗಿಲ್ಲವ್ವಾ. ಕಾಯಿ ಮ್ಯಾಲ ಮೇಣ ಇರತೈತಿ. ಅದು ಸಡ್ಲ ಆದ್ರ ಒಳಗಿನ ನೀರು ಹೊರಗ ಬರತೈತಿ."

ಆ ದಿನ ನನ್ನ ಮುಖ ಕೆಂಪಗಾಗಿ ಉರಿಯುತ್ತಿತ್ತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮಾವ ಹೇಳಿದ್ದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ದಿನಾ ಬೆಳಿಗ್ಗೆ ನಾನು ನನ್ನ ಮುಖಕ್ಕೆ ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ ಅನ್ನಿಸಿತು.

ಚರ್ಮದ ಎಲ್ಲಕ್ಕಿಂತ ಹೊರಗಿನ ಪದರ ಬಹಳ ತೆಳು. ಮುಖದ ಮೇಲೆ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ ಅಷ್ಟೇ. ಅದನ್ನು ಕಲ್ಲು ಗಾರೆಯ ಗೋಡೆ ಅಂದುಕೊಳ್ಳಿ. ಕಲ್ಲು ಅಂದರೆ ಸತ್ತ ಜೀವಕೋಶಗಳು. ಗಾರೆ ಅಂದರೆ ಅವುಗಳ ನಡುವೆ ತುಂಬಿರುವ ಜಿಡ್ಡು: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು. ಒಳಗಿನ ನೀರು ಹೊರಗೆ ಹೋಗದಂತೆ ತಡೆಯುವುದು ಈ ಗಾರೆ. ದ್ರಾಕ್ಷಿಗೆ ಮೇಣ ಹೇಗೋ ನಮಗೆ ಇದು ಹಾಗೆ. ಕೆಳಗಿನಿಂದ ಹೊಸ ಕೋಶ ಹುಟ್ಟಿ, ಮೇಲೆ ಬಂದು, ಉದುರಿ ಹೋಗಲು ಹೆಚ್ಚು ಕಡಿಮೆ ನಾಲ್ಕು ವಾರ ಬೇಕು. ಹಾಗಾಗಿ ಗೋಡೆ ಹಾಳಾದರೆ ರಿಪೇರಿಗೂ ಅಷ್ಟು ದಿನ ಹಿಡಿಯುತ್ತದೆ. "ಮೂರೇ ದಿನದಲ್ಲಿ ಹೊಸ ಚರ್ಮ" ಅನ್ನುವ ಜಾಹೀರಾತು ಕಂಡರೆ ಈ ಲೆಕ್ಕ ನೆನಪಿಟ್ಟುಕೊಳ್ಳಿ.

ಈಗ ಸೋಪಿಗೆ ಬನ್ನಿ. ಆರೋಗ್ಯವಾಗಿರುವ ಚರ್ಮ ಸ್ವಲ್ಪ ಹುಳಿ. ಹುಳಿ, ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಅದು 5ರ ಆಸುಪಾಸು. ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ. ಮಾವನ ಟಬ್ಬಿನಲ್ಲಿದ್ದದ್ದೂ ಕ್ಷಾರವೇ. ಅದರ ಮೇಲೆ ನಮ್ಮ ಬೋರ್‌ವೆಲ್ ನೀರು. ಗಡಸು ನೀರಿನಲ್ಲಿರುವ ಕ್ಯಾಲ್ಶಿಯಂ, ಮೆಗ್ನೀಶಿಯಂ ಸೋಪಿನ ಜತೆ ಸೇರಿ ಬಿಳಿ ಕಸರು ಆಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟಿಕೊಂಡಿರುತ್ತದಲ್ಲ, ಅದು. ಬಕೆಟ್ಟಿಗಷ್ಟೇ ಅಲ್ಲ, ಮೈಗೂ ಅಂಟುತ್ತದೆ. ನೊರೆ ಬರಲಿಲ್ಲ ಅಂತ ನಾವು ಇನ್ನೂ ಜಾಸ್ತಿ ಸೋಪು ತಿಕ್ಕುತ್ತೇವೆ. ಮುಖ ತೊಳೆದ ಮೇಲೆ ಚರ್ಮ ಬಿಗಿ ಹಿಡಿದಂತಾಗುತ್ತದೆ ನೋಡಿ, ಅದನ್ನು ನಾನು ಎಷ್ಟೋ ವರ್ಷ "ಸ್ವಚ್ಛ ಆಯ್ತು" ಅಂದುಕೊಂಡಿದ್ದೆ. ಅದು ಗಾರೆ ತೊಳೆದುಹೋದ ಗುರುತು.

ಇಲ್ಲಿಯವರೆಗೆ ನಾವೇ ಮಾಡಿಕೊಳ್ಳುವುದಾಯಿತು. ಉಳಿದದ್ದು ಹವೆಯ ಕೆಲಸ.

ಥಂಡಿಯಲ್ಲಿ ತುಟಿ ಒಡೆಯುವುದು ಚಳಿಯಿಂದ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಚಳಿಗಿಂತ ಮುಖ್ಯ ಕಾರಣ ಗಾಳಿಯಲ್ಲಿ ತೇವ ಇಲ್ಲದಿರುವುದು. ಒಂದು ಘನ ಮೀಟರ್ ಗಾಳಿ 10 ಡಿಗ್ರಿಯಲ್ಲಿ ಹೆಚ್ಚೆಂದರೆ 9 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಡಿಸೆಂಬರ್‌ನಲ್ಲಿ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತೀರಿ ಅನ್ನಿ. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಗಾಳಿಯ ಹೊಟ್ಟೆ ತುಂಬಿರುತ್ತದೆ. ಅದೇ ಗಾಳಿ ಮಧ್ಯಾಹ್ನ 30 ಡಿಗ್ರಿಗೆ ಕಾದಾಗ ಅದರೊಳಗಿನ ನೀರು ಅಷ್ಟೇ ಇರುತ್ತದೆ, ಹೊಟ್ಟೆ ಮಾತ್ರ ಮೂರು ಪಟ್ಟು ದೊಡ್ಡದಾಗಿರುತ್ತದೆ. ಆಗ ಅದು ಸಿಕ್ಕ ಕಡೆಯಿಂದೆಲ್ಲ ನೀರು ಹೀರುತ್ತದೆ. ಒಗೆದ ಬಟ್ಟೆಯಿಂದ, ಎರೆಹೊಲದಿಂದ, ನಿಮ್ಮ ಹಿಮ್ಮಡಿಯಿಂದ.

ಅದಕ್ಕೇ ಚಳಿಗಾಲದಲ್ಲಿ ಬೇಕಾಗುವುದು ಎರಡು ಕೆಲಸ ಮಾಡುವ ವಸ್ತು. ನೀರು ಹಿಡಿದಿಡುವುದು ಒಂದು, ಮೇಲಿನಿಂದ ಮುಚ್ಚುವುದು ಇನ್ನೊಂದು. ಗ್ಲಿಸರಿನ್ ನೀರು ಹಿಡಿಯುತ್ತದೆ. ವ್ಯಾಸಲೀನ್, ಎಣ್ಣೆ, ತುಪ್ಪ ಮುಚ್ಚುತ್ತವೆ. ನಮ್ಮ ಕಡೆ ಗ್ಲಿಸರಿನ್‌ಗೆ ಗುಲಾಬ್ ಜಲ್ ಬೆರೆಸಿ ಹಚ್ಚುವ ರೂಢಿ ಇದೆ, ಒಳ್ಳೆಯದೇ. ಆದರೆ ಒಣ ಗಾಳಿಯಲ್ಲಿ ಬರೀ ಗ್ಲಿಸರಿನ್ ಹಚ್ಚಿ ಬಿಟ್ಟರೆ ಅದಕ್ಕೆ ಹೊರಗಿನಿಂದ ನೀರು ಸಿಗುವುದಿಲ್ಲ, ಚರ್ಮದ ಒಳಗಿನಿಂದಲೇ ಎಳೆಯುತ್ತದೆ. ಹಾಗಾಗಿ ಜಳಕ ಮುಗಿದು ಮೈ ಇನ್ನೂ ಹಸಿ ಇರುವಾಗಲೇ ಹಚ್ಚಿ, ಮೇಲೆ ಒಂಚೂರು ಎಣ್ಣೆ ಸವರಬೇಕು. ಜಳಕದ ನೀರು ಉಗುರು ಬೆಚ್ಚಗಿರಲಿ. ಹಂಡೆಯ ಕುದಿ ನೀರು ಮೈಗೆ ಹಿತ ಅನ್ನಿಸುತ್ತದೆ, ಗಾರೆಯನ್ನೂ ಅಷ್ಟೇ ಹಿತವಾಗಿ ಕರಗಿಸುತ್ತದೆ. ಹಿಮ್ಮಡಿ ತುಂಬಾ ಬಿರಿದಿದ್ದರೆ ಯೂರಿಯಾ ಇರುವ ಕ್ರೀಮು ಸಿಗುತ್ತದೆ. ಹೊಲಕ್ಕೆ ಹಾಕುವ ಯೂರಿಯಾದ ಸ್ವಚ್ಛ ರೂಪ, ಗಾಬರಿ ಬೇಡ.

ಯಾವ ಎಣ್ಣೆ? ಇಲ್ಲಿ ನನಗೆ ಸ್ವಲ್ಪ ಊರಿನ ಅಭಿಮಾನ. ನಮ್ಮ ಕಡೆ ಬೆಳೆಯುವ ಮಾಮೂಲಿ ಕುಸುಬಿಯ ಎಣ್ಣೆಯಲ್ಲಿ ನೂರಕ್ಕೆ 70 ಪಾಲಿನಷ್ಟು ಲಿನೋಲಿಕ್ ಆಮ್ಲ ಇರುತ್ತದೆ. ಚರ್ಮದ ಗಾರೆಯ ಸೆರಮೈಡ್ ತಯಾರಾಗಲು ಬೇಕಾದದ್ದು ಇದೇ ಆಮ್ಲ. ದುಬಾರಿ ಆಲಿವ್ ಎಣ್ಣೆಯಲ್ಲಿ ಜಾಸ್ತಿ ಇರುವುದು ಓಲಿಯಿಕ್ ಆಮ್ಲ. ಅದು ಗಾರೆಯನ್ನು ಸಡಿಲ ಮಾಡುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಮಾವನ ಡಿಪ್ಪಿಂಗ್ ಆಯಿಲ್‌ನಲ್ಲಿರುವ ಈಥೈಲ್ ಓಲಿಯೇಟ್ ಕೂಡ ಇದೇ ಕುಲದ್ದು! ಅವ್ವ ಗಾಣದಿಂದ ತಂದ ಕುಸುಬಿ ಎಣ್ಣೆಯನ್ನು ಒಗ್ಗರಣೆಗೆ ಸುರಿಯುವ ಮೊದಲು ಅಂಗೈಗೆ ಎರಡು ಹನಿ ಹಾಕಿಕೊಂಡು ಮೊಳಕೈಗೆ ತಿಕ್ಕುತ್ತಿದ್ದಳು. ನಾನು ನಗುತ್ತಿದ್ದೆ. ಅದೇ ಹೊತ್ತಿಗೆ ನನ್ನ ಕಪಾಟಿನಲ್ಲಿ ಇಟಲಿಯಿಂದ ಬಂದ ಆಲಿವ್ ಎಣ್ಣೆಯ ಸೀಸೆ ಇತ್ತು. ಮೊಡವೆ ಬರುವ ಮುಖಕ್ಕೆ ಮಾತ್ರ ಯಾವ ಎಣ್ಣೆಯೂ ಬೇಡ, ಕೈಕಾಲಿಗೆ ಸಾಕು.

ಬೇಸಿಗೆಯ ಮಾತು ಬಂದರೆ ಸನ್‌ಸ್ಕ್ರೀನ್ ವಿಷಯವನ್ನೇ ಹೇಳಬೇಕು. ಬೇರೆ ಏನೂ ಜಾಸ್ತಿ ಬೇಕಾಗುವುದಿಲ್ಲ. 41, 42 ಡಿಗ್ರಿಯಲ್ಲಿ ಮುಖದ ಮೇಲೆ ನಾಲ್ಕು ಪದರ ಏನೇ ಹಚ್ಚಿದರೂ ಗೋಳಗುಮ್ಮಟದ ಮೆಟ್ಟಿಲು ಹತ್ತಿ ಮುಗಿಯುವುದರೊಳಗೆ ಕುತ್ತಿಗೆಗೆ ಇಳಿದಿರುತ್ತದೆ.

ಸನ್‌ಸ್ಕ್ರೀನ್ ಮೇಲಿನ ಎಸ್‌ಪಿಎಫ್ ಅಂಕಿ ಜನರನ್ನು ಮೋಸ ಮಾಡುತ್ತದೆ. 15 ಇದ್ದರೆ ಸುಟ್ಟು ಕೆಂಪಾಗಿಸುವ ಯುವಿಬಿ ಕಿರಣದ ಶೇಕಡಾ 93ರಷ್ಟನ್ನು ತಡೆಯುತ್ತದೆ, 30 ಇದ್ದರೆ 97, 50 ಇದ್ದರೆ 98. ಅಂದರೆ 30ಕ್ಕೂ 50ಕ್ಕೂ ನಡುವಿನ ವ್ಯತ್ಯಾಸ ನೂರರಲ್ಲಿ ಒಂದು. ನಿಜವಾದ ವ್ಯತ್ಯಾಸ ಇರುವುದು ನಾವು ಎಷ್ಟು ಹಚ್ಚುತ್ತೇವೆ ಅನ್ನುವುದರಲ್ಲಿ. ಈ ಅಂಕಿ ಬರುವುದು ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡಿದಾಗ. ನಾವು ಕುಂಕುಮದಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ಸವರುತ್ತೇವೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಬೇಕು ಮುಖ ಮತ್ತು ಕುತ್ತಿಗೆಗೆ. ಬಿಸಿಲಲ್ಲೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಡಬ್ಬಿಯ ಮೇಲೆ ಪಿಎ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಇರುತ್ತದೆ, ಅದು ಯುವಿಎ ಕಿರಣಕ್ಕೆ. ಈ ಕಿರಣ ಕಿಟಕಿಯ ಗಾಜನ್ನೂ ದಾಟಿ ಬರುತ್ತದೆ. ದಿನಾ ಬಸ್ಸಿನಲ್ಲಿ ಬಾಗಲಕೋಟೆಗೆ ಓಡಾಡುವವರು ಯಾವ ಬದಿಯ ಸೀಟು ಅಂತ ಸ್ವಲ್ಪ ಯೋಚಿಸಬೇಕು.

ಹೊಲದಲ್ಲಿ ಕಳೆ ತೆಗೆಯುವವರಿಗೆ, ಕಬ್ಬು ಕಡಿಯುವವರಿಗೆ ಎರಡು ತಾಸಿಗೊಮ್ಮೆ ಕ್ರೀಮು ಹಚ್ಚಿಕೊಳ್ಳಿ ಅನ್ನುವುದು ಸುಮ್ನೆ ಮಾತು. ಅವರು ತಲೆ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದು, ತುಂಬು ತೋಳಿನ ಹಳೇ ಅಂಗಿ ತೊಟ್ಟುಕೊಳ್ಳುತ್ತಾರಲ್ಲ, ಅದು ಯಾವ ಟ್ಯೂಬಿಗೂ ಕಡಿಮೆ ಇಲ್ಲ.

ಇನ್ನೊಂದು ವಿಷಯ. ವಿಜಯಪುರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರದ ಸುತ್ತ ಒಮ್ಮೆ, ಆಗಸ್ಟ್ ಮೊದಲ ವಾರದ ಸುತ್ತ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಇರುವುದರಿಂದ ನಾವು ಸನ್‌ಸ್ಕ್ರೀನ್ ಮರೆತಿರುತ್ತೇವೆ. ತೆಳು ಮೋಡ ಸೆಕೆಯನ್ನು ತಡೆದಷ್ಟು ಯುವಿ ಕಿರಣಗಳನ್ನು ತಡೆಯುವುದಿಲ್ಲ.

ಮಳೆಗಾಲದ ಬಗ್ಗೆ ವಿಜಯಪುರದವಳು ಜಾಸ್ತಿ ಮಾತಾಡಬಾರದು. ನಮಗೆ ವರ್ಷಕ್ಕೆ ಬೀಳುವುದೇ 600 ಮಿಲಿಮೀಟರ್ ಆಸುಪಾಸು. ಬೆಳಗಾವಿಯಲ್ಲಿ ಅದರ ಎರಡು ಪಟ್ಟು, ಖಾನಾಪುರದ ಕಾಡಿನ ಕಡೆಯಂತೂ ಕೇಳಲೇಬೇಡಿ. ಬೆಳಗಾವಿಗೆ ಮದುವೆಯಾಗಿ ಹೋದ ತಂಗಿಗೆ ಒಮ್ಮೆ ಜುಲೈನಲ್ಲಿ ನನ್ನ ಪ್ರೀತಿಯ ದಪ್ಪ ಕ್ರೀಮನ್ನೇ ಒಯ್ದು ಕೊಟ್ಟೆ. ಹದಿನೈದು ದಿನಕ್ಕೆ ಫೋನು ಬಂತು: "ಅಕ್ಕಾ, ನಿನ್ನ ಕ್ರೀಮು ಹಚ್ಚಿ ಮಾರಿ ತುಂಬ ಗುಳ್ಳಿ ಆಗ್ಯಾವ ನೋಡ." ಕ್ರೀಮಿನದು ತಪ್ಪಿಲ್ಲ, ತಂಗಿಯ ಮುಖದ್ದೂ ತಪ್ಪಿಲ್ಲ. ಗಾಳಿಯೇ ನೀರಿನಿಂದ ತುಂಬಿರುವಾಗ ಮುಖದ ಮೇಲೆ ಮುಚ್ಚಳ ಹಾಕಿದರೆ ಬೆವರು, ಜಿಡ್ಡು ಎಲ್ಲಿಗೆ ಹೋಗಬೇಕು? ಅಲ್ಲಿ ಮಳೆಗಾಲಕ್ಕೆ ನೀರಿನಂಥ ಜೆಲ್ ಸಾಕು, ಕೆಲವರಿಗೆ ಅದೂ ಬೇಡ. ಚಿಂತೆ ಮಾಡಬೇಕಾದದ್ದು ಸಂದುಗಳಲ್ಲಿ ಬರುವ ಹುಳುಕಡ್ಡಿಗೆ. ಒದ್ದೆ ಟಾವೆಲ್, ಅರೆ ಒಣಗಿದ ಒಳಬಟ್ಟೆ ಅದಕ್ಕೆ ಹಬ್ಬದೂಟ.

ಈ ಹುಳುಕಡ್ಡಿಯ ಮಾತಿನಿಂದಲೇ ನನ್ನ ಉರಿಯುವ ಮುಖದ ಕತೆಗೆ ಬರಬಹುದು. ಎರಡಕ್ಕೂ ನಾವು ತರುವ ಟ್ಯೂಬಿನಲ್ಲಿ ಎಷ್ಟೋ ಸಲ ಒಂದೇ ವಸ್ತು ಇರುತ್ತದೆ.

ಚಿಕ್ಕಪ್ಪನ ಮಗಳ ಮದುವೆ ಎರಡು ತಿಂಗಳಿತ್ತು. ನನ್ನದು ಎಣ್ಣೆಗಪ್ಪು ಬಣ್ಣ. ಚಿಕ್ಕಂದಿನಿಂದ "ಬಣ್ಣ ಒಂದು ಸ್ವಲ್ಪ ಕಮ್ಮಿ, ಮೂಗು ಕಣ್ಣು ಛಲೋ ಐತಿ" ಅಂತ ಕೇಳಿಕೊಂಡೇ ಬೆಳೆದವಳು. ಹೊಗಳಿಕೆಯಲ್ಲೇ ಒಂದು ಮುಳ್ಳು. ಗೆಳತಿಯೊಬ್ಬಳು ಒಂದು ಟ್ಯೂಬಿನ ಹೆಸರು ಹೇಳಿದಳು. ಔಷಧಿ ಅಂಗಡಿಯವನು ಚೀಟಿ ಕೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಎರಡು ವಾರಕ್ಕೆ ಮುಖ ಗಾಜಿನಂತೆ ಹೊಳೆಯಿತು. ಅರಿಷಿಣ ಹಚ್ಚುವ ದಿನ ಅತ್ತೆಯೊಬ್ಬರು ಗದ್ದ ಹಿಡಿದು ನೋಡಿ, "ಏನ್ ಹಚ್ಚೀಯವ್ವಾ ಮಾರಿಗೆ? ಗುರುತಾ ಸಿಗವಲ್ಲಿ" ಅಂದರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಗುರುತು ಸಿಗದಿರುವುದು ಹೇಗೆ ಹೊಗಳಿಕೆ ಆಗುತ್ತದೆ ಅಂತ ಆಗ ಹೊಳೆಯಲೇ ಇಲ್ಲ.

ಮೂರನೇ ತಿಂಗಳಿಗೆ ಬಿಸಿಲಿಗೆ ಹೋದರೆ ಉರಿ, ಒಲೆ ಮುಂದೆ ನಿಂತರೆ ಉರಿ. ಕೆನ್ನೆಯ ಮೇಲೆ ಕೆಂಪು ಎಳೆ ಎಳೆಯಾಗಿ ರಕ್ತನಾಳ ಕಾಣತೊಡಗಿದವು. ಸಣ್ಣ ಕೂದಲೂ ಬಂತು. ಟ್ಯೂಬು ಬಿಟ್ಟರೆ ಎರಡೇ ದಿನಕ್ಕೆ ಮುಖ ತುಂಬ ಬೊಕ್ಕೆ, ಮತ್ತೆ ಹಚ್ಚಿದರೆ ಶಾಂತ. ಮಾವನ ಶೆಡ್‌ಗೆ ಹೋದದ್ದು ಆ ದಿನಗಳಲ್ಲೇ. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ಅವರು ಮುಖ ನೋಡುವ ಮೊದಲು ಟ್ಯೂಬು ನೋಡಿದರು. ಸ್ಟೀರಾಯ್ಡ್. ಅದರ ಜತೆಗೆ ಬಣ್ಣ ತೆಗೆಯುವ ಹೈಡ್ರೋಕ್ವಿನೋನ್.

ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಇಸುಬಿನಂಥ ರೋಗಕ್ಕೆ ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿದರೆ ವರ. ಬಣ್ಣಕ್ಕಾಗಿ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವನ್ನೇ ತೆಳ್ಳಗೆ ಮಾಡುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ಎರಡು ದಿನ ತುರಿಕೆ ನಿಂತು ಆಮೇಲೆ ಸುತ್ತಲೂ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಹಿಂದೆ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಅನ್ನುವ ಹೆಸರುಗಳಿದ್ದರೆ ಅದು ಬ್ಯೂಟಿ ಕ್ರೀಮು ಅಲ್ಲ. ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ಬಿಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ನನಗೆ ಹಂತ ಹಂತವಾಗಿ ಬಿಡಿಸಿದರು, ಏಳೆಂಟು ತಿಂಗಳು ಹಿಡಿಯಿತು.

ಲೇಬಲ್ಲೇ ಇಲ್ಲದ, ಯಾರು ತಯಾರಿಸಿದರು ಅಂತ ಗೊತ್ತಿಲ್ಲದ ಡಬ್ಬಿಗಳದು ಇನ್ನೊಂದು ಕತೆ. ಕೆಲವದರಲ್ಲಿ ಪಾದರಸ ಇರುತ್ತದೆ. ಪಾದರಸ ಬಣ್ಣ ತಯಾರಾಗುವುದನ್ನು ತಡೆಯುತ್ತದೆ ನಿಜ, ಚರ್ಮದಿಂದ ಒಳಗಿಳಿದು ಮೂತ್ರಪಿಂಡಕ್ಕೂ ಹೋಗುತ್ತದೆ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಅದು ಗೊತ್ತಿಲ್ಲದೆ ಸೇರಿದ್ದರೂ ಹತ್ತು ಲಕ್ಷದಲ್ಲಿ ಒಂದು ಪಾಲು ಮೀರುವಂತಿಲ್ಲ. ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲದ ಡಬ್ಬಿ ಎಷ್ಟು ಚೆಂದ ಇದ್ದರೂ ಬೇಡ.

ಬಣ್ಣ ಅಂದರೆ ಏನು ಅಂತ ಡಾಕ್ಟರ್ ನನಗೆ ಎರಡು ನಿಮಿಷದಲ್ಲಿ ಹೇಳಿದರು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳ ಲೆಕ್ಕ ಬೆಳ್ಳಗಿರುವವರಿಗೂ ಕಪ್ಪಗಿರುವವರಿಗೂ ಹೆಚ್ಚು ಕಡಿಮೆ ಒಂದೇ. ನಮ್ಮ ಕೋಶಗಳು ಬಣ್ಣದ ಚೀಲಗಳನ್ನು ದೊಡ್ಡದಾಗಿ, ಹೆಚ್ಚಾಗಿ ಕಟ್ಟಿ, ಕೋಶಗಳ ತಲೆ ಮೇಲೆ ಕೊಡೆ ಹಿಡಿದಂತೆ ಹರಡುತ್ತವೆ. ನೆತ್ತಿ ಮೇಲೆ ಸೂರ್ಯ ಬರುವ ಊರಿಗೆ ತಕ್ಕ ಕೊಡೆ. ಮೊಡವೆ ಒಂದು ತೊಂದರೆ, ಬಂಗು ಒಂದು ತೊಂದರೆ, ಒಡೆದ ಹಿಮ್ಮಡಿ ತೊಂದರೆ. ಇವಕ್ಕೆ ಮದ್ದಿದೆ. ಹುಟ್ಟು ಬಣ್ಣ ಈ ಪಟ್ಟಿಯಲ್ಲೇ ಇಲ್ಲ. 1975ರಿಂದ "ಫೇರ್" ಅನ್ನುವ ಹೆಸರಿನಲ್ಲಿ ಮಾರಾಟವಾದ ಕ್ರೀಮು 2020ರಲ್ಲಿ "ಗ್ಲೋ" ಆಯಿತು, ನೆನಪಿರಬಹುದು. ಡಬ್ಬಿಯ ಮೇಲಿನ ಒಂದು ಪದ ಬದಲಾಗಲು 45 ವರ್ಷ ಬೇಕಾಯಿತು. ಮದುವೆ ಮನೆಯ ಮಾತು ಬದಲಾಗಲು ಎಷ್ಟು ಬೇಕೋ.

ಒಂದು ಮಾತು ನನಗೆ ಯಾವಾಗಲೂ ತಮಾಷೆ ಅನ್ನಿಸುತ್ತದೆ. "ಡೋಣಿ ಹರಿದರೆ ಓಣಿಯೆಲ್ಲ ಕಾಳು" ಅನ್ನುವ ಸೀಮೆ ನಮ್ಮದು. ಡೋಣಿ ಹೊಳೆಯ ದಂಡೆಯ ಎರೆ ಮಣ್ಣು ಕಪ್ಪಗಿದ್ದಷ್ಟೂ ಎಕರೆಗೆ ಬೆಲೆ ಜಾಸ್ತಿ. ಅದೇ ಹೊಲದ ಯಜಮಾನರು ಸೊಸೆ ನೋಡಲು ಹೋದಾಗ ಮಾತ್ರ ಲೆಕ್ಕ ತಿರುವಿ ಹಾಕುತ್ತಾರೆ.

ಇಷ್ಟು ಹೇಳಿದೆ ಅಂತ ನಾನು ಏನೂ ಹಚ್ಚಿಕೊಳ್ಳದೆ ಓಡಾಡುತ್ತೇನೆ ಅಂದುಕೊಳ್ಳಬೇಡಿ. ಕಾಡಿಗೆ ಬಿಡಲಾರೆ. ಇಳಕಲ್ ಸೀರೆ ಉಟ್ಟ ದಿನ ಗಾಢ ಕೆಂಪು ಲಿಪ್‌ಸ್ಟಿಕ್ ಬೇಕೇ ಬೇಕು, ಎಣ್ಣೆಗಪ್ಪಿಗೆ ಅದು ಒಪ್ಪಿದಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ ಅಂತ ನನ್ನ ವಾದ. ಬದಲಾದದ್ದು ಅಂಗಡಿ ಕಟ್ಟೆಯ ಮುಂದೆ ನಿಂತಾಗ ಕೇಳಿಕೊಳ್ಳುವ ಒಂದು ಪ್ರಶ್ನೆ: ನನ್ನ ಚರ್ಮ ಇದನ್ನು ಕೇಳುತ್ತಿದೆಯಾ, ಇಲ್ಲಾ ಯಾರೋ ಏನೋ ಅಂದದ್ದಕ್ಕೆ ಕೊಳ್ಳುತ್ತಿದ್ದೀನಾ? ಚರ್ಮ ಕೇಳುವುದು ತುರಿಕೆಯಲ್ಲಿ, ಬಿಗಿತದಲ್ಲಿ, ಒಡಕಿನಲ್ಲಿ. ಲಿಪ್‌ಸ್ಟಿಕ್ ಅನ್ನು ಚರ್ಮ ಕೇಳುವುದಿಲ್ಲ, ನಾನು ಕೇಳುತ್ತೇನೆ. ಅದೂ ನಡೆಯುತ್ತದೆ.

ಹೊಸದು ಏನೇ ತಂದರೂ ಮೊದಲು ಮೊಳಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡುತ್ತೇನೆ. ತಲೆಗೆ ಹಚ್ಚುವ ಕಪ್ಪು ಬಣ್ಣಕ್ಕಂತೂ ಇದು ಕಡ್ಡಾಯ, ಅದರಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರಿಗೆ ಮುಖ ಊದುವಷ್ಟು ಆಗಿಬರುವುದಿಲ್ಲ. ಮನೆಯ ಮದ್ದು ಅಂದಮಾತ್ರಕ್ಕೆ ಎಲ್ಲವೂ ಸೌಮ್ಯ ಅಲ್ಲ. ಲಿಂಬೆಹಣ್ಣಿನ ರಸದ ಪಿಎಚ್ 2ರ ಆಸುಪಾಸು. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆ ಬೀಳಬಹುದು. ಟಿಕಳಿಯ ಹಿಂದಿನ ಅಂಟು ಕೂಡ ಕೆಲವರಿಗೆ ಹಣೆಯ ಮೇಲೆ ಬಿಳಿ ಕಲೆ ಮಾಡುತ್ತದೆ. ತುರಿಕೆ ಬಂದ ದಿನವೇ ಆ ಟಿಕಳಿ ಬಿಡಬೇಕು, ಕುಂಕುಮ ಇದೆಯಲ್ಲ.

ಹೋದ ವರ್ಷ ದೀಪಾವಳಿಗೆ ಕಪಾಟು ಖಾಲಿ ಮಾಡಿದೆ. ಕ್ರೀಮಿನ ಡಬ್ಬಿಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಸಣ್ಣ ಚಿತ್ರ, ಒಳಗೆ 12 ಎಂ ಅಂತ ಇರುತ್ತದೆ. ತೆರೆದ ಮೇಲೆ 12 ತಿಂಗಳು ಅಂತ ಅರ್ಥ. ನನ್ನವು ಬಹುಪಾಲು ಮೂರು ವರ್ಷ ದಾಟಿದ್ದವು. ಉಳಿಸಿಕೊಂಡದ್ದು ಸೌಮ್ಯವಾದ ಒಂದು ಫೇಸ್‌ವಾಶ್, ಸನ್‌ಸ್ಕ್ರೀನ್, ಗ್ಲಿಸರಿನ್, ವ್ಯಾಸಲೀನ್, ಕಾಡಿಗೆ, ಎರಡು ಲಿಪ್‌ಸ್ಟಿಕ್. ಕುಸುಬಿ ಎಣ್ಣೆ ಅಡುಗೆ ಮನೆಯಲ್ಲೇ ಇರುತ್ತದೆ. ಆಲಿವ್ ಎಣ್ಣೆಯ ಸೀಸೆಯನ್ನು ಅವ್ವ ಮೂಸಿ ನೋಡಿ, ದೇವರ ದೀಪಕ್ಕೂ ಬೇಡ ಅಂತ ಪಕ್ಕಕ್ಕಿಟ್ಟಳು. ಆದರೆ ನೈಟ್ ಕ್ರೀಮಿನ ಬಂಗಾರ ಬಣ್ಣದ ಗಾಜಿನ ಡಬ್ಬಿ ಮಾತ್ರ ಅವಳಿಗೆ ಬಹಳ ಹಿಡಿಸಿತು. ಬಿಸಿನೀರಲ್ಲಿ ತೊಳೆದು, ಒಣಗಿಸಿ, ಸೂಜಿ ದಾರ, ಗುಂಡಿ ತುಂಬಿಟ್ಟಿದ್ದಾಳೆ.